ಸೈನಿಕರ ಪತ್ನಿಯ ಕಾರಿಗೆ ವಿಶೇಷ ನಂಬರ್ ಪ್ಲೇಟ್: ಅಮೆರಿಕದ ‘ಗೋಲ್ಡ್ ಸ್ಟಾರ್’ ನಿಜಕ್ಕೂ ಏನು? ನಮ್ಮಲ್ಲಿ ಹಾಗೆ ಹಾಕಿಸಬಹುದೇ?

ಕಾರಿನ ಹಿಂಭಾಗದ ಚಿತ್ರ. ನಂಬರ್ ಪ್ಲೇಟ್‌ನ ಒಂದು ಬದಿಯಲ್ಲಿ ಚಿನ್ನದ ಬಣ್ಣದ ನಕ್ಷತ್ರ, ಕೆಳಗೆ ‘ಗೋಲ್ಡ್ ಸ್ಟಾರ್ ಫ್ಯಾಮಿಲಿ’ ಎಂಬ ಅಕ್ಷರ. ಇಂಥ ಚಿತ್ರ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಅದರ ಜೊತೆ ಒಂದಿಷ್ಟು ಮಾತೂ ಅಂಟಿಕೊಂಡು ಬರುತ್ತದೆ. ‘ಅಮೆರಿಕದಲ್ಲಿ ಸೈನಿಕರ ಹೆಂಡತಿಯ ಕಾರನ್ನು ಪೊಲೀಸರು ತಡೆಯುವಂತಿಲ್ಲ’, ‘ಅವರಿಗೆ ಟೋಲ್ ಇಲ್ಲ, ಪಾರ್ಕಿಂಗ್ ಶುಲ್ಕ ಇಲ್ಲ’, ‘ನಮ್ಮ ದೇಶದಲ್ಲೂ ಹೀಗೆ ಹಾಕಿಸಿಕೊಳ್ಳಬಹುದು, ಎಲ್ಲರಿಗೂ ತಿಳಿಸಿ’.

ಸೈನಿಕರ ಕುಟುಂಬದ ಬಗ್ಗೆ ಗೌರವ ಇರುವ ಯಾರಿಗಾದರೂ ಫಾರ್ವರ್ಡ್ ಮಾಡಬೇಕು ಅನಿಸುವ ಸಂದೇಶವಿದು. ಆದರೆ ಇದರಲ್ಲಿ ಅರ್ಧ ನಿಜ, ಅರ್ಧ ಕಲ್ಪನೆ. ನಿಜವಾದ ಭಾಗದ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಕಲ್ಪನೆಯ ಭಾಗವನ್ನು ನಂಬಿ ನಡೆದರೆ ನಮ್ಮ ರಸ್ತೆಯಲ್ಲಿ ದಂಡ ಕಟ್ಟಬೇಕಾಗುತ್ತದೆ. ಎರಡನ್ನೂ ಬೇರ್ಪಡಿಸಿ ನೋಡೋಣ.

ಓದಲು ಸಮಯವಿಲ್ಲದವರಿಗೆ: ಮುಖ್ಯಾಂಶಗಳು

- ಮಾಜಿ ಸೈನಿಕರ ಮತ್ತು ಮೃತ ಸೈನಿಕರ ಪತಿ ಅಥವಾ ಪತ್ನಿಗೆ ವಿಶೇಷ ನಂಬರ್ ಪ್ಲೇಟ್ ಕೊಡುವ ಪದ್ಧತಿ ಅಮೆರಿಕದಲ್ಲಿ ನಿಜವಾಗಿಯೂ ಇದೆ. ಅದನ್ನು ಕೊಡುವುದು ಆಯಾ ರಾಜ್ಯ ಸರ್ಕಾರ.
- ‘ಗೋಲ್ಡ್ ಸ್ಟಾರ್’ ಎಂದರೆ ಶೌರ್ಯ ಪದಕವಲ್ಲ. ಮನೆಯವರೊಬ್ಬರನ್ನು ಸೇನಾ ಸೇವೆಯಲ್ಲಿ ಕಳೆದುಕೊಂಡ ಕುಟುಂಬದ ಗುರುತು.
- ಈ ಪ್ಲೇಟ್ ಇದ್ದರೆ ಸಂಚಾರ ನಿಯಮದಿಂದ ವಿನಾಯಿತಿ ಇಲ್ಲ. ಕೆಲವು ರಾಜ್ಯಗಳಲ್ಲಿ ಕೆಲವು ಬಗೆಯ ಪ್ಲೇಟ್‌ಗೆ ಶುಲ್ಕ ಅಥವಾ ಪಾರ್ಕಿಂಗ್ ರಿಯಾಯಿತಿ ಉಂಟು.
- ಭಾರತದಲ್ಲಿ ಇಂಥ ಪ್ಲೇಟ್ ಇಲ್ಲ. ನಂಬರ್ ಪ್ಲೇಟ್ ಮೇಲೆ ‘ಆರ್ಮಿ’ ಎಂದು ಬರೆಸುವುದು ನಿಯಮಬಾಹಿರ.
- ನಮ್ಮ ವೀರ ನಾರಿಯರಿಗೆ ಇರುವ ಸೌಲಭ್ಯಗಳು ಬೇರೆಯವು. ಅವು ಸಿಗುವುದು ಸೈನಿಕ ಕಲ್ಯಾಣ ಕಚೇರಿಯ ಮೂಲಕ.

ಅಮೆರಿಕದಲ್ಲಿ ನಂಬರ್ ಪ್ಲೇಟ್ ಕೊಡುವವರು ಯಾರು?

ನಮ್ಮಲ್ಲಿ ನಂಬರ್ ಪ್ಲೇಟ್ ಹೇಗಿರಬೇಕು ಎಂಬುದನ್ನು ಇಡೀ ದೇಶಕ್ಕೆ ಒಂದೇ ಕೇಂದ್ರ ನಿಯಮ ಹೇಳುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ 50 ರಾಜ್ಯಗಳೂ ತಮ್ಮ ತಮ್ಮ ಪ್ಲೇಟ್‌ನ ಬಣ್ಣ, ಚಿತ್ರ, ಬರಹ, ಶುಲ್ಕ ಎಲ್ಲವನ್ನೂ ತಾವೇ ನಿರ್ಧರಿಸುತ್ತವೆ. ಆದ್ದರಿಂದ ‘ಅಮೆರಿಕ ಸರ್ಕಾರ ಕೊಡುವ ಪ್ಲೇಟ್’ ಎಂಬ ಮಾತೇ ತಪ್ಪು.

1901ರಲ್ಲಿ ನ್ಯೂಯಾರ್ಕ್ ರಾಜ್ಯ ವಾಹನ ಮಾಲೀಕರು ತಮ್ಮ ಹೆಸರಿನ ಮೊದಲಕ್ಷರಗಳನ್ನು ವಾಹನದ ಮೇಲೆ ತೋರಿಸಬೇಕು ಎಂದು ಕಾನೂನು ಮಾಡಿತು. ಆಗ ಪ್ಲೇಟ್ ಮಾಡಿಸಿಕೊಳ್ಳುವುದು ಮಾಲೀಕರದೇ ಹೊಣೆ. 1903ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ತಾನೇ ಪ್ಲೇಟ್ ತಯಾರಿಸಿ ಕೊಡಲು ಶುರು ಮಾಡಿತು. 1928ರಲ್ಲಿ ಐಡಹೊ ರಾಜ್ಯ ತನ್ನ ಪ್ಲೇಟ್ ಮೇಲೆ ಆಲೂಗೆಡ್ಡೆಯ ಚಿತ್ರ ಹಾಕಿತು, ಏಕೆಂದರೆ ಅಲ್ಲಿನ ಹೆಸರುವಾಸಿ ಬೆಳೆ ಅದು. ಗುರುತಿನ ತಗಡು ಹೀಗೆ ನಿಧಾನವಾಗಿ ಏನನ್ನಾದರೂ ಹೇಳುವ ಫಲಕವೂ ಆಯಿತು.

ಇದಕ್ಕೆ ಇನ್ನೊಂದು ತಿರುವು ಕೊಟ್ಟದ್ದು ಫ್ಲೋರಿಡಾ. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡು ಏಳು ಮಂದಿ ಸತ್ತರು. ಅವರ ನೆನಪಿಗೆ ಫ್ಲೋರಿಡಾ 1987ರಲ್ಲಿ ವಿಶೇಷ ಪ್ಲೇಟ್ ತಂದಿತು. ಹೆಚ್ಚಿನ ಹಣ ಕೊಟ್ಟು ಇದನ್ನು ಕೊಳ್ಳಬಹುದಿತ್ತು, ಆ ಹಣ ಸ್ಮಾರಕ ಕಾರ್ಯಕ್ಕೆ ಹೋಗುತ್ತಿತ್ತು. ಜನ ಮುಗಿಬಿದ್ದು ಕೊಂಡರು. ಆಮೇಲೆ ವಿಶ್ವವಿದ್ಯಾಲಯ, ವನ್ಯಜೀವಿ, ಕ್ರೀಡಾ ತಂಡ ಹೀಗೆ ನೂರಾರು ಬಗೆಯ ಪ್ಲೇಟ್‌ಗಳು ಬಂದವು. ಸೈನಿಕರಿಗೂ ಅವರ ಕುಟುಂಬಕ್ಕೂ ಸಂಬಂಧಿಸಿದ ಪ್ಲೇಟ್‌ಗಳು ಈ ದೊಡ್ಡ ಕುಟುಂಬದ ಒಂದು ಶಾಖೆ. ಆದರೆ ಒಂದು ವ್ಯತ್ಯಾಸ ಉಂಟು. ವನ್ಯಜೀವಿ ಪ್ಲೇಟನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ಪಡೆಯಬಹುದು. ಸೈನಿಕರ ಪ್ಲೇಟ್‌ಗಳಲ್ಲಿ ಹೆಚ್ಚಿನವಕ್ಕೆ ಅರ್ಹತೆಯ ದಾಖಲೆ ತೋರಿಸಲೇಬೇಕು.

ಸಂಗಾತಿಗೆ ಸಿಗುವ ಪ್ಲೇಟ್‌ಗಳು ಎಷ್ಟು ಬಗೆ?

ರಾಜ್ಯದಿಂದ ರಾಜ್ಯಕ್ಕೆ ಹೆಸರು ಬೇರೆ ಇದ್ದರೂ, ಮುಖ್ಯವಾಗಿ ಮೂರು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು, ಬದುಕಿರುವ ಸೈನಿಕ ಅಥವಾ ಮಾಜಿ ಸೈನಿಕರ ಕುಟುಂಬದ್ದು. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರುವ ಕಾರಿಗೆ ‘ವೆಟರನ್’ ಪ್ಲೇಟ್ ಹಾಕಿಸುವುದು ಸಾಮಾನ್ಯ. ಕೆಲವು ರಾಜ್ಯಗಳು ಸಂಗಾತಿಗೇ ಪ್ರತ್ಯೇಕವಾದ ಪ್ಲೇಟ್ ಅಥವಾ ‘ಬ್ಲೂ ಸ್ಟಾರ್’ ಕುಟುಂಬದ ಪ್ಲೇಟ್ ಕೊಡುತ್ತವೆ. ಮನೆಯವರು ಇನ್ನೂ ಸೇನೆಯಲ್ಲಿದ್ದಾರೆ ಎಂಬುದಕ್ಕೆ ನೀಲಿ ನಕ್ಷತ್ರ ಗುರುತು.

ಎರಡನೆಯದು, ಉಳಿಸಿಕೊಂಡ ಪ್ಲೇಟ್. ಪರ್ಪಲ್ ಹಾರ್ಟ್ ಪದಕ ಪಡೆದವರು, ಯುದ್ಧ ಕೈದಿಗಳಾಗಿದ್ದವರು, 1941ರ ಪರ್ಲ್ ಹಾರ್ಬರ್ ದಾಳಿಯಲ್ಲಿ ಬದುಕುಳಿದವರು, ಸೇವೆಯಲ್ಲಿ ಅಂಗವಿಕಲರಾದವರು, ಇಂಥವರಿಗೆ ರಾಜ್ಯಗಳು ವಿಶೇಷ ಪ್ಲೇಟ್ ಕೊಟ್ಟಿವೆ. ಅವರು ತೀರಿಕೊಂಡ ಮೇಲೆ ಆ ಪ್ಲೇಟ್ ಏನಾಗಬೇಕು? ಹಲವು ರಾಜ್ಯಗಳ ಕಾನೂನು ಅದನ್ನು ಉಳಿದ ಸಂಗಾತಿ ಮುಂದುವರಿಸಲು ಅವಕಾಶ ಕೊಡುತ್ತದೆ. ನಲವತ್ತು ವರ್ಷ ಜೊತೆಗೆ ಓಡಾಡಿದ ಕಾರಿನಿಂದ ಸರ್ಕಾರಿ ಕಚೇರಿಯವರು ಪ್ಲೇಟ್ ಕಿತ್ತುಕೊಳ್ಳುವುದು ಬೇಡ ಎಂಬುದು ಇದರ ಹಿಂದಿನ ಭಾವನೆ.

ಮೂರನೆಯದೇ ‘ಗೋಲ್ಡ್ ಸ್ಟಾರ್’. ಸೇವೆಯಲ್ಲಿದ್ದಾಗಲೇ ಸತ್ತ ಸೈನಿಕರ ಪತಿ, ಪತ್ನಿ, ತಂದೆ, ತಾಯಿ, ಮಕ್ಕಳು ಮುಂತಾದವರಿಗೆ ಸಿಗುವಂಥದ್ದು. ಕ್ಯಾಲಿಫೋರ್ನಿಯಾ, ಟೆಕ್ಸಸ್, ಫ್ಲೋರಿಡಾ, ಪೆನ್ಸಿಲ್ವೇನಿಯಾ ಸೇರಿ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇದು ಇದೆ.

ಇಲ್ಲಿ ‘ಸಂಗಾತಿ’ ಎಂದಾಗ ಹೆಂಡತಿ ಮಾತ್ರ ಅಲ್ಲ. ಸೇನೆಯಲ್ಲಿದ್ದ ಮಹಿಳೆ ತೀರಿಕೊಂಡರೆ ಆಕೆಯ ಗಂಡನಿಗೂ ಇದೇ ಹಕ್ಕು. ‘ಸೈನಿಕರ ಹೆಂಡತಿಯರಿಗೆ’ ಎಂದು ಬರೆಯುವ ಫಾರ್ವರ್ಡ್‌ಗಳು ಇದನ್ನು ಮರೆತಿರುತ್ತವೆ.

ಚಿನ್ನದ ನಕ್ಷತ್ರ ಎಲ್ಲಿಂದ ಬಂತು?

ಕಾರಿನ ಪ್ಲೇಟ್‌ಗೆ ಬರುವ ಮೊದಲು ಈ ನಕ್ಷತ್ರ ಮನೆಯ ಕಿಟಕಿಯಲ್ಲಿತ್ತು. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದದ್ದು 1917ರಲ್ಲಿ. ಅದೇ ವರ್ಷ ಒಹಾಯೊ ರಾಜ್ಯದ ಸೇನಾಧಿಕಾರಿ ರಾಬರ್ಟ್ ಕ್ವೀಸರ್ ಒಂದು ಧ್ವಜ ರೂಪಿಸಿದರು. ಕೆಂಪು ಅಂಚು, ಬಿಳಿ ನೆಲ, ನಡುವೆ ನೀಲಿ ನಕ್ಷತ್ರ. ಮನೆಯಿಂದ ಎಷ್ಟು ಮಂದಿ ಸೇನೆಗೆ ಹೋಗಿದ್ದಾರೋ ಅಷ್ಟು ನಕ್ಷತ್ರ. ಇದನ್ನು ‘ಸರ್ವಿಸ್ ಫ್ಲ್ಯಾಗ್’ ಎಂದು ಕರೆದರು. ಬೀದಿಯಲ್ಲಿ ನಡೆದು ಹೋಗುವವರಿಗೆ ಯಾವ ಮನೆಯವರು ಯುದ್ಧಕ್ಕೆ ಹೋಗಿದ್ದಾರೆ ಎಂಬುದು ಕಿಟಕಿ ನೋಡಿದರೆ ಗೊತ್ತಾಗುತ್ತಿತ್ತು.

ಯುದ್ಧದಿಂದ ಸಾವಿನ ಸುದ್ದಿ ಬಂದಾಗ ನೀಲಿ ನಕ್ಷತ್ರದ ಮೇಲೆ ಚಿನ್ನದ ಬಣ್ಣದ ನಕ್ಷತ್ರ ಹೊಲಿಯುವ ರೂಢಿ ಬೆಳೆಯಿತು. ಚಿನ್ನದ ನಕ್ಷತ್ರ ಸ್ವಲ್ಪ ಚಿಕ್ಕದಾಗಿರುತ್ತದೆ. ಹಾಗಾಗಿ ಅದರ ಸುತ್ತ ನೀಲಿ ಅಂಚು ಉಳಿದು ಕಾಣುತ್ತದೆ. 1918ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಇನ್ನೊಂದು ಸಲಹೆಗೆ ಒಪ್ಪಿದರು. ಶೋಕ ಸೂಚಿಸಲು ಪೂರ್ತಿ ಕಪ್ಪು ಬಟ್ಟೆ ಉಡುವ ಬದಲು, ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಅದರ ಮೇಲೆ ಚಿನ್ನದ ನಕ್ಷತ್ರ ಧರಿಸಬಹುದು ಎಂಬುದು ಆ ಸಲಹೆ.

ಯುದ್ಧ ಮುಗಿದ ಮೇಲೂ ನಕ್ಷತ್ರ ಹೋಗಲಿಲ್ಲ. 1928ರಲ್ಲಿ ಮಗನನ್ನು ಕಳೆದುಕೊಂಡ ತಾಯಂದಿರು ವಾಷಿಂಗ್ಟನ್‌ನಲ್ಲಿ ಸೇರಿ ‘ಅಮೆರಿಕನ್ ಗೋಲ್ಡ್ ಸ್ಟಾರ್ ಮದರ್ಸ್’ ಸಂಘಟನೆ ಕಟ್ಟಿದರು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಗಂಡಂದಿರನ್ನು ಕಳೆದುಕೊಂಡ ಯುವತಿಯರು ‘ಗೋಲ್ಡ್ ಸ್ಟಾರ್ ವೈವ್ಸ್’ ಸಂಘಟನೆ ಶುರು ಮಾಡಿದರು. ತಾಯಂದಿರ ದುಃಖಕ್ಕೆ ಮೊದಲು ಹೆಸರು ಸಿಕ್ಕಿತು, ಹೆಂಡತಿಯರ ದುಃಖಕ್ಕೆ ಆಮೇಲೆ. ದಿನಾಚರಣೆಗಳಲ್ಲೂ ಅದೇ ಕಥೆ. ಸೆಪ್ಟೆಂಬರ್ ಕೊನೆಯ ಭಾನುವಾರವನ್ನು ಗೋಲ್ಡ್ ಸ್ಟಾರ್ ತಾಯಂದಿರ ದಿನವೆಂದು ಅಮೆರಿಕದ ಸಂಸತ್ತು ಗುರುತಿಸಿದ್ದು 1936ರಲ್ಲಿ. ಸಂಗಾತಿಗಳಿಗಾಗಿ ಏಪ್ರಿಲ್ 5ರ ದಿನ ರೂಢಿಗೆ ಬಂದದ್ದು ಈ ಶತಮಾನದಲ್ಲಿ.

‘ಗೋಲ್ಡ್ ಸ್ಟಾರ್’ ಪದಕವೇ?

ಅಲ್ಲ. ಗೊಂದಲಕ್ಕೆ ಕಾರಣವಿದೆ. ‘ಸಿಲ್ವರ್ ಸ್ಟಾರ್’, ‘ಬ್ರಾಂಜ್ ಸ್ಟಾರ್’ ಎಂಬ ಎರಡು ಪದಕಗಳು ಅಮೆರಿಕದ ಸೇನೆಯಲ್ಲಿ ಇವೆ. ಅವನ್ನು ಕೊಡುವುದು ಸೈನಿಕರಿಗೆ. ಬೆಳ್ಳಿ, ಕಂಚು ಇದ್ದ ಮೇಲೆ ಚಿನ್ನ ಅದಕ್ಕಿಂತ ದೊಡ್ಡ ಪದಕವಿರಬೇಕು ಎಂದು ಓದುಗರು ಊಹಿಸುತ್ತಾರೆ. ‘ಚಿನ್ನದ ಪದಕ ಗೆದ್ದ ಸೈನಿಕನ ಪತ್ನಿ’ ಎಂಬ ಅನುವಾದ ಹುಟ್ಟುವುದು ಹೀಗೆ. ಗೋಲ್ಡ್ ಸ್ಟಾರ್ ಗೆದ್ದು ಬರುವಂಥದ್ದಲ್ಲ. ಅದು ಬರುವುದು ಮನೆಯವರ ಸಾವಿನಿಂದ.

1947ರಲ್ಲಿ ಅಮೆರಿಕ ಸರ್ಕಾರ ಕುಟುಂಬದವರು ಉಡುಪಿನ ಮೇಲೆ ಧರಿಸಲು ಒಂದು ಚಿಕ್ಕ ಪಿನ್ ಜಾರಿಗೆ ತಂದಿತು. ನೇರಳೆ ಹಿನ್ನೆಲೆಯ ಮೇಲೆ ಚಿನ್ನದ ನಕ್ಷತ್ರ. ಯುದ್ಧ ಕಾರ್ಯಾಚರಣೆಯಲ್ಲಿ ಸತ್ತವರ ಹತ್ತಿರದ ಬಂಧುಗಳಿಗೆ ಇದು. 1973ರಲ್ಲಿ ಇನ್ನೊಂದು ಪಿನ್ ಬಂತು. ಯುದ್ಧದಲ್ಲಲ್ಲದೆ ಅಪಘಾತ, ತರಬೇತಿ, ಕಾಯಿಲೆ ಹೀಗೆ ಬೇರೆ ಕಾರಣದಿಂದ ಸೇವೆಯಲ್ಲಿದ್ದಾಗ ತೀರಿಕೊಂಡವರ ಬಂಧುಗಳಿಗೆ ಅದು.

ಈ ಎರಡು ಪಿನ್‌ಗಳ ವ್ಯತ್ಯಾಸ ನಂಬರ್ ಪ್ಲೇಟ್‌ಗೂ ತಟ್ಟುತ್ತದೆ. ಕೆಲವು ರಾಜ್ಯಗಳು ಯುದ್ಧದ ಸಾವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಇನ್ನು ಕೆಲವು ಸೇವೆಯಲ್ಲಿದ್ದಾಗ ಆದ ಯಾವುದೇ ಸಾವನ್ನೂ ಒಪ್ಪುತ್ತವೆ. ತರಬೇತಿಯಲ್ಲಿ ಹೆಲಿಕಾಪ್ಟರ್ ಬಿದ್ದು ಸತ್ತವರ ಪತ್ನಿಗೆ ಒಂದು ರಾಜ್ಯದಲ್ಲಿ ಪ್ಲೇಟ್ ಸಿಗಬಹುದು, ಪಕ್ಕದ ರಾಜ್ಯಕ್ಕೆ ಮನೆ ಬದಲಿಸಿದರೆ ಸಿಗದೆಯೂ ಹೋಗಬಹುದು. ಸಾವು ಒಂದೇ, ಗಡಿ ದಾಟಿದರೆ ಅದರ ಬೆಲೆ ಬೇರೆ ಎಂಬ ನೋವು ಅಲ್ಲಿನ ಕುಟುಂಬಗಳಿಗೆ ಇದೆ.

ಪಡೆಯುವುದು ಹೇಗೆ?

ಅರ್ಜಿ ಹಾಕುವುದು ರಾಜ್ಯದ ಮೋಟಾರು ವಾಹನ ಇಲಾಖೆಗೆ. ನಮ್ಮ ಆರ್‌ಟಿಒ ಇದ್ದಂತೆ. ಅರ್ಜಿಯ ಜೊತೆ ಸಾಮಾನ್ಯವಾಗಿ ಕೇಳುವ ದಾಖಲೆಗಳು ಇವು:

- ಮಾಜಿ ಸೈನಿಕರಾದರೆ ‘ಡಿಡಿ 214’ ಎಂಬ ಬಿಡುಗಡೆ ಪತ್ರ. ಸೇವೆಯ ಅವಧಿ, ಹುದ್ದೆ, ಪದಕ ಎಲ್ಲ ಅದರಲ್ಲಿರುತ್ತವೆ.
- ಸೇವೆಯಲ್ಲಿದ್ದಾಗ ಸತ್ತಿದ್ದರೆ ‘ಡಿಡಿ 1300’ ಎಂಬ ಸಾವಿನ ವರದಿ.
- ಮದುವೆಯ ಪ್ರಮಾಣಪತ್ರ ಅಥವಾ ಸಂಬಂಧ ತೋರಿಸುವ ಬೇರೆ ದಾಖಲೆ.
- ವಾಹನ ಅರ್ಜಿದಾರರ ಹೆಸರಲ್ಲಿದೆ ಎಂಬುದಕ್ಕೆ ನೋಂದಣಿ ಪತ್ರ.

‘ಎಲ್ಲರಿಗೂ ಉಚಿತ’ ಎಂಬ ಮಾತೂ ಸರಿಯಲ್ಲ. ಕೆಲವೆಡೆ ಪ್ಲೇಟ್‌ಗೆ ಹೆಚ್ಚುವರಿ ಶುಲ್ಕ ಇಲ್ಲ, ಕೆಲವೆಡೆ ಇದೆ. ವಾರ್ಷಿಕ ನೋಂದಣಿ ಶುಲ್ಕವನ್ನು ಕೆಲವು ರಾಜ್ಯಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಓದುಗರು ಒಂದು ಮಾತು ನೆನಪಿಡಿ. ಈ ಪ್ಲೇಟ್‌ಗಳು ಅಮೆರಿಕದ ಸೇನೆಯಲ್ಲಿ ಮಾಡಿದ ಸೇವೆಗೆ ಸಂಬಂಧಿಸಿದವು. ನಿಮ್ಮ ಮನೆಯವರು ಅಲ್ಲಿನ ಸೇನೆಯಲ್ಲಿ ಇದ್ದಿದ್ದರೆ ನಿಮ್ಮ ರಾಜ್ಯದ ವಾಹನ ಇಲಾಖೆಯ ಜಾಲತಾಣ ನೋಡಿ. ಪಕ್ಕದ ರಾಜ್ಯದ ಗೆಳೆಯರು ಹೇಳಿದ ನಿಯಮ ನಿಮಗೆ ಅನ್ವಯಿಸಬೇಕೆಂದಿಲ್ಲ.

ಟೋಲ್, ಪಾರ್ಕಿಂಗ್, ಪೊಲೀಸ್: ನಿಜ ಎಷ್ಟು?

‘ಪೊಲೀಸರು ತಡೆಯುವಂತಿಲ್ಲ’ ಎಂಬುದು ಪೂರ್ತಿ ಸುಳ್ಳು. ವೇಗ ಮೀರಿದರೆ, ಕೆಂಪು ದೀಪ ದಾಟಿದರೆ ಗೋಲ್ಡ್ ಸ್ಟಾರ್ ಕಾರಿಗೂ ದಂಡ ಬೀಳುತ್ತದೆ. ಪ್ಲೇಟ್ ಗೌರವದ ಗುರುತು, ಪರವಾನಗಿ ಅಲ್ಲ.

ಪಾರ್ಕಿಂಗ್ ಮತ್ತು ಟೋಲ್ ವಿಷಯ ಸ್ವಲ್ಪ ಬೇರೆ. ಇಲ್ಲಿ ರಿಯಾಯಿತಿ ಇರುವುದು ಹೆಚ್ಚಾಗಿ ಸೇವೆಯಲ್ಲಿ ಅಂಗವಿಕಲರಾದ ಸೈನಿಕರ ಪ್ಲೇಟ್‌ಗೆ ಅಥವಾ ಉನ್ನತ ಪದಕ ಪಡೆದವರ ಪ್ಲೇಟ್‌ಗೆ. ಟೆಕ್ಸಸ್‌ನ ಉದಾಹರಣೆ ನೋಡಿ. ಅಲ್ಲಿ ಅಂಗವಿಕಲ ಮಾಜಿ ಸೈನಿಕರ ಪ್ಲೇಟ್ ಇದ್ದರೆ ಸರ್ಕಾರಿ ಪಾರ್ಕಿಂಗ್ ಮೀಟರ್‌ಗೆ ಹಣ ಹಾಕಬೇಕಿಲ್ಲ. ಆದರೆ 2022ರ ಜನವರಿ 1ರಿಂದ ಒಂದು ಬದಲಾವಣೆ ಬಂತು. ಗಾಲಿಕುರ್ಚಿಯ ಚಿಹ್ನೆ ಇರುವ ಪ್ಲೇಟ್ ಅಥವಾ ಪ್ರತ್ಯೇಕ ಅನುಮತಿ ಪತ್ರ ಇದ್ದರೆ ಮಾತ್ರ ಅಂಗವಿಕಲರಿಗೆ ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸಬಹುದು. ಏಕೆಂದರೆ ‘ಅಂಗವಿಕಲ ಮಾಜಿ ಸೈನಿಕ’ ಎಂಬ ವರ್ಗದಲ್ಲಿ ಕಿವಿ ಕೇಳಿಸದವರೂ ಇರುತ್ತಾರೆ, ನಡೆಯಲಾಗದವರೂ ಇರುತ್ತಾರೆ. ಬಾಗಿಲ ಹತ್ತಿರದ ಜಾಗ ನಿಜವಾಗಿ ಬೇಕಾದದ್ದು ನಡೆಯಲಾಗದವರಿಗೆ.

ಸೈನಿಕರ ಹೆಸರಲ್ಲಿ ಇರುವ ಸೌಲಭ್ಯವೂ ಅಗತ್ಯ ನೋಡಿ ಬದಲಾಗುತ್ತದೆ. ಹಳೆಯ ಫಾರ್ವರ್ಡ್‌ನಲ್ಲಿ ಆ ಬದಲಾವಣೆ ಇರುವುದಿಲ್ಲ.

ಮರುಮದುವೆಯಾದರೆ ಪ್ಲೇಟ್ ಹಿಂದಿರುಗಿಸಬೇಕೇ?

ಫಾರ್ವರ್ಡ್‌ಗಳು ಎಂದೂ ಮುಟ್ಟದ, ಆದರೆ ಸಂಗಾತಿಗಳಿಗೆ ಅತ್ಯಂತ ಮುಖ್ಯವಾದ ಪ್ರಶ್ನೆ ಇದು. ಅಂಗವಿಕಲ ಸೈನಿಕರ ಅಥವಾ ಪದಕ ಪಡೆದವರ ಪ್ಲೇಟನ್ನು ಉಳಿಸಿಕೊಂಡ ಸಂಗಾತಿ ಮರುಮದುವೆಯಾದರೆ, ಕೆಲವು ರಾಜ್ಯಗಳಲ್ಲಿ ಆ ಹಕ್ಕು ಹೋಗುತ್ತದೆ. ಬೇರೆ ಕೆಲವು ರಾಜ್ಯಗಳು ಅಂಥ ಷರತ್ತು ಹಾಕುವುದಿಲ್ಲ.

ಈ ಷರತ್ತು ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತು ಯುರೋಪಿನಲ್ಲೇ ಮಣ್ಣಾದ ಸೈನಿಕರ ಸಮಾಧಿ ನೋಡಲು ತಾಯಂದಿರನ್ನೂ ಪತ್ನಿಯರನ್ನೂ ಸರ್ಕಾರಿ ಖರ್ಚಿನಲ್ಲಿ ಕಳಿಸುವ ಕಾನೂನನ್ನು ಅಮೆರಿಕ 1929ರಲ್ಲಿ ಮಾಡಿತು. 1930ರಿಂದ 1933ರವರೆಗೆ 6,000ಕ್ಕೂ ಹೆಚ್ಚು ಮಹಿಳೆಯರು ಹಡಗಿನಲ್ಲಿ ಹೋಗಿ ಬಂದರು. ಅವಕಾಶ ಇದ್ದದ್ದು ಮರುಮದುವೆಯಾಗದ ಪತ್ನಿಯರಿಗೆ ಮಾತ್ರ. ಇನ್ನೊಂದು ಕಹಿ ಸಂಗತಿಯೂ ಉಂಟು. ಕರಿಯ ಮಹಿಳೆಯರನ್ನು ಬಿಳಿಯರ ಜೊತೆ ಕಳಿಸಲಿಲ್ಲ, ಬೇರೆ ಹಡಗಿನಲ್ಲಿ ಕಳಿಸಿದರು. ಮಗ ಸತ್ತದ್ದು ಅದೇ ದೇಶಕ್ಕಾಗಿ, ತಾಯಿಗೆ ಸಿಕ್ಕ ಹಡಗು ಬೇರೆ. ಇದನ್ನು ಪ್ರತಿಭಟಿಸಿ ಹಲವರು ಹೋಗಲು ನಿರಾಕರಿಸಿದರು.

ಗಂಡ ಸತ್ತಾಗ ಆಕೆಗೆ ಇಪ್ಪತ್ತೆರಡು ವರ್ಷವಾಗಿದ್ದರೆ, ಮುಂದಿನ ಐವತ್ತು ವರ್ಷ ಒಂಟಿಯಾಗಿದ್ದರೆ ಮಾತ್ರ ಗೌರವ ಎಂದು ಹೇಳುವುದು ಸರಿಯೇ? ಈ ಪ್ರಶ್ನೆ ಅಮೆರಿಕದ್ದು ಮಾತ್ರವಲ್ಲ. ನಮ್ಮಲ್ಲೂ ಇತ್ತು. ಶೌರ್ಯ ಪ್ರಶಸ್ತಿ ಪಡೆದವರಿಗೆ ಸಿಗುವ ಭತ್ಯೆ ಅವರ ಸಾವಿನ ನಂತರ ಪತ್ನಿಗೆ ಹೋಗುತ್ತದೆ. ಆಕೆ ಮರುಮದುವೆಯಾದರೆ ಅದು ನಿಲ್ಲುತ್ತಿತ್ತು, ಗಂಡನ ಸಹೋದರನನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. 2017ರ ನವೆಂಬರ್‌ನಲ್ಲಿ ರಕ್ಷಣಾ ಸಚಿವಾಲಯ ಆ ಷರತ್ತನ್ನು ತೆಗೆದುಹಾಕಿತು. ಈಗ ಆಕೆ ಯಾರನ್ನು ಮದುವೆಯಾದರೂ, ಬದುಕಿರುವವರೆಗೆ ಆ ಭತ್ಯೆ ಸಿಗುತ್ತದೆ. ನಿಮ್ಮ ಪರಿಚಯದಲ್ಲಿ ಹಳೆಯ ನಿಯಮವನ್ನೇ ನಂಬಿ ಕುಳಿತವರಿದ್ದರೆ, ಫಾರ್ವರ್ಡ್ ಮಾಡಬೇಕಾದ ಸುದ್ದಿ ಇದು.

ಪ್ಲೇಟ್ ಮೇಲೆ ಏನಿರಬೇಕು ಎಂದು ಯಾರು ತೀರ್ಮಾನಿಸಬೇಕು?

ಅಮೆರಿಕದಲ್ಲಿ ಈ ಪ್ರಶ್ನೆ ಎರಡು ಸಲ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ಲೇಟ್ ಮೇಲೆ ‘ಸ್ವತಂತ್ರವಾಗಿ ಬದುಕು ಇಲ್ಲವೇ ಸಾಯಿ’ ಎಂಬ ಅರ್ಥದ ಘೋಷವಾಕ್ಯ ಇದೆ. ಜಾರ್ಜ್ ಮೇನಾರ್ಡ್ ಎಂಬವರು ತಮ್ಮ ಧಾರ್ಮಿಕ ನಂಬಿಕೆಗೆ ಅದು ವಿರುದ್ಧ ಎಂದು ಆ ಸಾಲನ್ನು ಮುಚ್ಚಿದರು. 1977ರಲ್ಲಿ ಕೋರ್ಟ್, ಒಪ್ಪದ ಮಾತನ್ನು ತನ್ನ ಕಾರಿನ ಮೇಲೆ ಹೊತ್ತು ತಿರುಗುವಂತೆ ಯಾರನ್ನೂ ಸರ್ಕಾರ ಒತ್ತಾಯಿಸುವಂತಿಲ್ಲ ಎಂದಿತು.

ಎರಡನೆಯದು ಟೆಕ್ಸಸ್ ಪ್ರಕರಣ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಿದ್ದ ದಕ್ಷಿಣದ ಸೇನೆಯವರ ವಂಶಸ್ಥರ ಸಂಘ, ಆ ಸೇನೆಯ ಧ್ವಜವಿರುವ ವಿಶೇಷ ಪ್ಲೇಟ್ ಕೇಳಿತು. ರಾಜ್ಯ ನಿರಾಕರಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ರಾಜ್ಯದ ಪರ ತೀರ್ಪು ಕೊಟ್ಟಿತು. ವಿಶೇಷ ಪ್ಲೇಟ್ ಮೇಲಿನ ಮಾತು ಸರ್ಕಾರದ ಮಾತು, ಅದರಲ್ಲಿ ಏನಿರಬೇಕು ಎಂದು ಆರಿಸುವ ಹಕ್ಕು ಸರ್ಕಾರಕ್ಕಿದೆ ಎಂಬುದು ಅದರ ಸಾರ.

ಗೋಲ್ಡ್ ಸ್ಟಾರ್ ಪ್ಲೇಟ್‌ಗೆ ತೂಕ ಬರುವುದೂ ಇದರಿಂದಲೇ. ಅಂಗಡಿಯಲ್ಲಿ ಕೊಂಡ ಸ್ಟಿಕ್ಕರ್ ಆದರೆ ಅದು ಮಾಲೀಕರ ಮಾತು. ಪ್ಲೇಟ್ ಆದರೆ ‘ಈ ಮನೆಯವರ ನಷ್ಟ ನಮಗೆ ಗೊತ್ತು’ ಎಂದು ರಾಜ್ಯವೇ ಹೇಳಿದಂತೆ.

ಭಾರತದಲ್ಲಿ ಹೀಗೆ ಹಾಕಿಸಬಹುದೇ?

ಇಲ್ಲ. ಕೊಡಗು, ಬೆಳಗಾವಿಯಂಥ ಜಿಲ್ಲೆಗಳಲ್ಲಿ ಸೇನೆಯ ನಂಟಿರುವ ಮನೆಗಳು ಬಹಳ. ಅಲ್ಲಿ ಇಂಥ ಸಂದೇಶ ಬೇಗ ನಂಬಿಕೆ ಗಳಿಸುತ್ತದೆ. ಆದ್ದರಿಂದ ಒಂದೊಂದಾಗಿ ನೋಡೋಣ.

*‘ನಂಬರ್ ಪ್ಲೇಟ್ ಮೇಲೆ ಆರ್ಮಿ, ಮಾಜಿ ಸೈನಿಕ ಎಂದು ಬರೆಸಬಹುದು’*: ತಪ್ಪು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 50 ಮತ್ತು 51ನೇ ನಿಯಮಗಳು ಪ್ಲೇಟ್ ಹೇಗಿರಬೇಕು, ಅಕ್ಷರದ ಅಳತೆ ಎಷ್ಟಿರಬೇಕು ಎಂದು ಹೇಳುತ್ತವೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಕಡ್ಡಾಯ. ಅಶೋಕ ಚಕ್ರದ ಹೊಲೊಗ್ರಾಮ್, ಲೇಸರ್‌ನಿಂದ ಕೊರೆದ ಸಂಖ್ಯೆ, ನೋಂದಣಿ ಸಂಖ್ಯೆ ಅದರಲ್ಲಿ ಇರುತ್ತವೆ. ಹೆಸರು, ಹುದ್ದೆ, ಸಂಸ್ಥೆ ಯಾವುದಕ್ಕೂ ಜಾಗವಿಲ್ಲ. ಸಾಮಾನ್ಯ ಉಲ್ಲಂಘನೆಗೆ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್‌ನಲ್ಲಿ ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ ದಂಡ ಇದೆ.

*‘ಬಾಣದ ಗುರುತು ಹಾಕಿದರೆ ಸೇನೆಯ ವಾಹನ ಎಂದು ಬಿಡುತ್ತಾರೆ’*: ಮೇಲ್ಮುಖ ಬಾಣವಿರುವ ನಂಬರ್ ಸೇನೆಗೇ ಸೇರಿದ ವಾಹನಕ್ಕೆ ಮಾತ್ರ. ರಕ್ಷಣಾ ಕೆಲಸಕ್ಕೆ ಬಳಸುವ ಕೇಂದ್ರ ಸರ್ಕಾರದ ವಾಹನಗಳಿಗೆ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ ಬೇರೆ ನೋಂದಣಿ. ಸೈನಿಕರ ಸ್ವಂತ ಕಾರಿಗೂ ಅದನ್ನು ಹಾಕುವಂತಿಲ್ಲ. ಇನ್ನು ಸೈನಿಕನಲ್ಲದವನು ಸೈನಿಕ ಎಂದು ನಂಬಿಸುವ ಉದ್ದೇಶದಿಂದ ಸೇನೆಯ ಉಡುಪು ಅಥವಾ ಗುರುತು ಬಳಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ.

*‘ಬಿಎಚ್ ನಂಬರ್ ಸೈನಿಕರಿಗೆ ಮಾತ್ರ’*: ತಪ್ಪು. 2021ರಲ್ಲಿ ಬಂದ ಬಿಎಚ್ ಸರಣಿ ಗೌರವದ ಪ್ಲೇಟ್ ಅಲ್ಲ, ಅನುಕೂಲದ ಪ್ಲೇಟ್. ಊರಿಂದೂರಿಗೆ ವರ್ಗವಾಗುವವರು ಪ್ರತಿ ರಾಜ್ಯದಲ್ಲೂ ಮರುನೋಂದಣಿ ಮಾಡಿಸುವ ತಾಪತ್ರಯ ತಪ್ಪಿಸಲು ಅದನ್ನು ತಂದರು. ರಕ್ಷಣಾ ಸಿಬ್ಬಂದಿ, ಸರ್ಕಾರಿ ನೌಕರರು, ಸಾರ್ವಜನಿಕ ಉದ್ಯಮಗಳ ನೌಕರರ ಜೊತೆಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಗಳ ನೌಕರರಿಗೂ ಅದು ಸಿಗುತ್ತದೆ.

*‘ಸೈನಿಕರ ಕುಟುಂಬಕ್ಕೆ ಟೋಲ್ ಇಲ್ಲ’*: ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು, 2008ರ ಪಟ್ಟಿಯಲ್ಲಿ ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ, ಶೌರ್ಯ ಚಕ್ರ ಪಡೆದವರಿಗೆ ವಿನಾಯಿತಿ ಇದೆ. ಅವರು ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು. ವಿನಾಯಿತಿ ಪ್ರಶಸ್ತಿ ಪಡೆದ ವ್ಯಕ್ತಿಗೆ. ನಿವೃತ್ತ ಸೈನಿಕ ಎಂಬ ಒಂದೇ ಕಾರಣಕ್ಕೆ, ಅಥವಾ ಸೈನಿಕರ ಮನೆಯವರು ಎಂಬ ಕಾರಣಕ್ಕೆ ಟೋಲ್ ಮಾಫಿ ಇಲ್ಲ. ಇದನ್ನು ತಿಳಿಯದೆ ಟೋಲ್ ಗೇಟ್‌ನಲ್ಲಿ ವಾದಕ್ಕಿಳಿದು ಅವಮಾನ ಪಡುವುದು ಯಾರಿಗೂ ಬೇಡ.

ಹಾಗಾದರೆ ನಮ್ಮ ವೀರ ನಾರಿಯರಿಗೆ ಏನಿದೆ?

ಕರ್ತವ್ಯದಲ್ಲಿ ಪ್ರಾಣ ಕೊಟ್ಟ ಸೈನಿಕರ ಪತ್ನಿಯನ್ನು ನಮ್ಮಲ್ಲಿ ವೀರ ನಾರಿ ಎಂದು ಕರೆಯುತ್ತೇವೆ. ಕಾರಿನ ಪ್ಲೇಟ್‌ಗಿಂತ ಹೆಚ್ಚು ಬದುಕಿಗೆ ಬರುವ ಸೌಲಭ್ಯಗಳು ಇವೆ.

- ಯುದ್ಧ ಕಾರ್ಯಾಚರಣೆಯಲ್ಲಿ ಸತ್ತವರ ಕುಟುಂಬಕ್ಕೆ ಸಾಮಾನ್ಯ ಕುಟುಂಬ ಪಿಂಚಣಿಗಿಂತ ಹೆಚ್ಚಿನ ‘ಉದಾರೀಕೃತ ಕುಟುಂಬ ಪಿಂಚಣಿ’. ಸೈನಿಕರು ಕೊನೆಯದಾಗಿ ಪಡೆದ ವೇತನವೇ ಇದಕ್ಕೆ ಆಧಾರ.
- 2003ರಿಂದ ನಡೆಯುತ್ತಿರುವ ಇಸಿಎಚ್‌ಎಸ್ ಆರೋಗ್ಯ ಯೋಜನೆ. ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ ಮಾತ್ರವಲ್ಲ, ಕುಟುಂಬ ಪಿಂಚಣಿ ಪಡೆಯುವ ಪತ್ನಿಗೂ ಇದರಲ್ಲಿ ಜಾಗವಿದೆ.
- ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ ಕೊಡುವ ಗುರುತಿನ ಚೀಟಿ. ಬಹುತೇಕ ಸೌಲಭ್ಯಗಳಿಗೆ ಮೊದಲ ಮೆಟ್ಟಿಲು ಇದು.
- ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಮಕ್ಕಳ ಓದು, ಮಗಳ ಮದುವೆ ಮುಂತಾದವಕ್ಕೆ ಅರ್ಹರಿಗೆ ಸಿಗುವ ನೆರವು. ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ನಾವೆಲ್ಲ ಕೊಡುವ ದೇಣಿಗೆ ಇಂಥ ಕೆಲಸಕ್ಕೆ ಹೋಗುತ್ತದೆ.

ಹಳ್ಳಿಯಲ್ಲಿ ಒಬ್ಬರೇ ಇರುವ ವಯಸ್ಸಾದ ತಾಯಿಗೆ ಇವೆಲ್ಲ ಗೊತ್ತಿರುವುದಿಲ್ಲ. ಪಿಂಚಣಿ ಪುಸ್ತಕದಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದಕ್ಕೆ ವರ್ಷಗಟ್ಟಲೆ ಅಲೆದವರು ಇದ್ದಾರೆ. ಅವರಿಗೆ ಅಮೆರಿಕದ ನಂಬರ್ ಪ್ಲೇಟ್‌ನ ಚಿತ್ರ ಕಳಿಸುವುದಕ್ಕಿಂತ, ಜಿಲ್ಲಾ ಕಚೇರಿಗೆ ಒಂದು ದಿನ ಜೊತೆಗೆ ಹೋಗುವುದು ದೊಡ್ಡ ಗೌರವ.

ಫಾರ್ವರ್ಡ್ ಒತ್ತುವ ಮುನ್ನ

ಮುಂದಿನ ಸಲ ಇಂಥ ಚಿತ್ರ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಯಾವ ರಾಜ್ಯದ ಪ್ಲೇಟ್? ಅಮೆರಿಕದ ಪ್ಲೇಟ್ ಮೇಲೆ ರಾಜ್ಯದ ಹೆಸರು ಇದ್ದೇ ಇರುತ್ತದೆ. ಸಂದೇಶ ‘ಅಮೆರಿಕ ಸರ್ಕಾರ’ ಎಂದರೆ ಬರೆದವರಿಗೆ ಪೂರ್ತಿ ಗೊತ್ತಿಲ್ಲ ಎಂದರ್ಥ.
2. ನಕ್ಷತ್ರ ನೀಲಿಯೋ ಚಿನ್ನವೋ? ನೀಲಿ ಎಂದರೆ ಮನೆಯವರು ಸೇವೆಯಲ್ಲಿದ್ದಾರೆ. ಚಿನ್ನ ಎಂದರೆ ತೀರಿಕೊಂಡಿದ್ದಾರೆ. ಚಿನ್ನದ ನಕ್ಷತ್ರದ ಚಿತ್ರಕ್ಕೆ ‘ಅಭಿನಂದನೆಗಳು’ ಎಂದು ಬರೆಯುವುದು ಶೋಕದ ಮನೆಗೆ ಸಿಹಿ ಕಳಿಸಿದಂತೆ.
3. ಸೌಲಭ್ಯದ ಮಾತಿದ್ದರೆ ನಿಯಮದ ಹೆಸರು, ವರ್ಷ ಇದೆಯೇ? ಇಲ್ಲದಿದ್ದರೆ ನಂಬಬೇಡಿ.
4. ‘ನೀವೂ ಅರ್ಜಿ ಹಾಕಿ’ ಎಂಬ ಲಿಂಕ್ ಇದೆಯೇ? ಭಾರತದಲ್ಲಿ ಇಂಥ ಪ್ಲೇಟ್ ಇಲ್ಲವಾದ್ದರಿಂದ ಆ ಲಿಂಕ್ ಮೋಸವೇ. ಆಧಾರ್, ಬ್ಯಾಂಕ್ ವಿವರ, ಒಟಿಪಿ ಯಾವುದನ್ನೂ ಕೊಡಬೇಡಿ. ಎಚ್‌ಎಸ್‌ಆರ್‌ಪಿ ಬೇಕಿದ್ದರೆ ಸಾರಿಗೆ ಇಲಾಖೆಯ ಅಧಿಕೃತ ಜಾಲತಾಣದಿಂದಲೇ ಮುಂದುವರಿಯಿರಿ.

ನಮ್ಮ ತೀರ್ಮಾನ: ಅಮೆರಿಕದ ರಾಜ್ಯಗಳು ಸೈನಿಕರ ಸಂಗಾತಿಗೆ ವಿಶೇಷ ನಂಬರ್ ಪ್ಲೇಟ್ ಕೊಡುತ್ತವೆ ಎಂಬುದು ನಿಜ. ಅದರಿಂದ ಪೊಲೀಸ್ ತಪಾಸಣೆ, ಟೋಲ್ ಎಲ್ಲ ಮಾಫಿ ಎಂಬುದು ಸುಳ್ಳು. ಭಾರತದಲ್ಲೂ ಹಾಗೆ ಹಾಕಿಸಬಹುದು ಎಂಬುದು ಸುಳ್ಳು, ಹಾಕಿಸಿದರೆ ದಂಡ.